ಸಂಬಳವಿಲ್ಲದ ವಿದೇಶಾಂಗ ನೀತಿ ಇಂಟರ್ನ್‌ಶಿಪ್: ಯಾವುದಕ್ಕೆ ಹೂಂ ಅನ್ನುವುದು?

ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಿಕೊಳ್ಳಲೇ ಎಂದು ನನ್ನನ್ನು ಕೇಳುವವರು ಎರಡು ಬಗೆ. ಒಬ್ಬರು ಆಗಷ್ಟೇ ರಾಜ್ಯಶಾಸ್ತ್ರದಲ್ಲೋ ಅಂತರರಾಷ್ಟ್ರೀಯ ಸಂಬಂಧಗಳಲ್ಲೋ ಎಂ.ಎ. ಮುಗಿಸಿದವರು. ನಾಲ್ಕು ಕಡೆ ಅರ್ಜಿ ಹಾಕಿ, ಎರಡು ಕಡೆ ಆಯ್ಕೆಯಾಗಿ, ಎರಡರಲ್ಲೂ ದುಡ್ಡಿಲ್ಲ ಎಂದು ಗೊತ್ತಾದ ಮೇಲೆ ತಲೆ ಕೆರೆದುಕೊಳ್ಳುತ್ತಿರುತ್ತಾರೆ. ಇನ್ನೊಬ್ಬರು ಎಂಟು ಹತ್ತು ವರ್ಷ ಬ್ಯಾಂಕಿನಲ್ಲೋ ಪತ್ರಿಕೆಯಲ್ಲೋ ಐಟಿಯಲ್ಲೋ ದುಡಿದವರು. ಓದಿಕೊಂಡಿರುವುದು ಸಾಕಷ್ಟಿದೆ, ಬರೆಯುವ ಆಸೆಯೂ ಇದೆ, ಆದರೆ ‘ಈ ವಯಸ್ಸಿನಲ್ಲಿ ಇಂಟರ್ನ್ ಆಗೋದಾ’ ಎಂಬ ಮುಜುಗರ.

ಇಬ್ಬರದೂ ಮೊದಲ ಪ್ರಶ್ನೆ ಒಂದೇ: ಯಾವ ಸಂಸ್ಥೆಯ ಹೆಸರು ದೊಡ್ಡದು? ಈ ಪ್ರಶ್ನೆಯನ್ನು ಕೊನೆಗಿಡಿ ಎಂದು ನಾನು ಹೇಳುತ್ತೇನೆ. ಹೆಸರಿಗೆ ಬೆಲೆ ಇಲ್ಲ ಎಂದಲ್ಲ. ಆದರೆ ಈ ಕ್ಷೇತ್ರದಲ್ಲಿ ಮುಂದೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಸಿವಿಯಲ್ಲಿರುವ ಹೆಸರನ್ನು ಎರಡು ಸೆಕೆಂಡು ನೋಡುತ್ತಾರೆ, ಆಮೇಲೆ ‘ಬರೆದದ್ದು ಏನಾದರೂ ಇದ್ದರೆ ಕಳಿಸಿ’ ಎನ್ನುತ್ತಾರೆ. ಆಗ ಕಳಿಸಲು ಏನಿರುತ್ತದೆ ಎನ್ನುವುದರ ಮೇಲೆ ಈ ಇಡೀ ಲೆಕ್ಕ ನಿಂತಿದೆ.

ಅಳೆಯುವುದು ಹೇಗೆ

ಒಂದನೆಯದು, ಮುಗಿದ ಮೇಲೆ ಕೈಯಲ್ಲಿ ಉಳಿಯುವ ಬರಹ. ನಿಮ್ಮ ಹೆಸರಿನಲ್ಲಿ ಪ್ರಕಟವಾಗುವ ಪಾಲಿಸಿ ಬ್ರೀಫ್ (ನೀತಿಯ ಕುರಿತ ಚಿಕ್ಕ ವರದಿ), ಲೇಖನ ಅಥವಾ ಕನಿಷ್ಠ ಒಂದು ಡೇಟಾಸೆಟ್. ಅದೂ ಇಲ್ಲದಿದ್ದರೆ ದೊಡ್ಡ ವರದಿಯ ಕೃತಜ್ಞತೆಯ ಸಾಲಿನಲ್ಲಾದರೂ ಹೆಸರು. ‘ಸಂಶೋಧನೆಗೆ ನೆರವಾಗುವುದು’ ಎಂಬ ಮಾತಿನಲ್ಲಿ ಏನನ್ನು ಬೇಕಾದರೂ ತುರುಕಬಹುದು. ಒಂದು ಕಡೆ ನಾನು ಮೂರು ತಿಂಗಳು ದಿನಾ ಬೆಳಿಗ್ಗೆ ಪತ್ರಿಕಾ ಸುದ್ದಿಗಳನ್ನು ಕತ್ತರಿಸಿ ಅಂಟಿಸಿ ಮೇಲ್ ಮಾಡುತ್ತಿದ್ದೆ. ಕೊನೆಗೆ ಸಿಕ್ಕಿದ್ದು ದಪ್ಪ ಕಾಗದದ ಒಂದು ಸರ್ಟಿಫಿಕೇಟ್. ಅದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.

ಎರಡನೆಯದು, ಬರೆದದ್ದನ್ನು ಯಾರು ತಿದ್ದುತ್ತಾರೆ ಎನ್ನುವುದು. ಇದರ ಬೆಲೆ ನನಗೆ ತಿಳಿದದ್ದು 2022ರಲ್ಲಿ. ಆ ವರ್ಷ ಮಾರ್ಚ್ 2ರಂದು ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂತು. 141 ಪರ, 5 ವಿರುದ್ಧ, 35 ದೇಶಗಳು ಮತದಾನದಿಂದ ದೂರ. ಮನೆಯಿಂದಲೇ ಬಿಟ್ಟಿ ಕೆಲಸ ಮಾಡುತ್ತಿದ್ದ ನಾನು ಸಣ್ಣ ಟಿಪ್ಪಣಿ ಬರೆದು, 193ರಿಂದ 141 ಕಳೆದು, ‘ಬೆಂಬಲಿಸದ 52 ದೇಶಗಳು’ ಎಂದು ಗತ್ತಿನಿಂದ ಹಾಕಿದೆ. ಮೇಲ್ವಿಚಾರಕರು ಪಕ್ಕದಲ್ಲಿ ಒಂದೇ ಸಾಲು ಬರೆದು ವಾಪಸ್ ಕಳಿಸಿದರು: ‘ಇದರಲ್ಲಿ 12 ದೇಶಗಳು ಮತವನ್ನೇ ಹಾಕಿಲ್ಲ. ದೂರ ಉಳಿಯುವುದೂ ಮತ ಹಾಕದಿರುವುದೂ ಒಂದೆಯೇ? ವೆನೆಜುವೆಲಾ ಯಾಕೆ ಹಾಕಲಿಲ್ಲ, ನೋಡಿ.’ ನೋಡಿದೆ. ವೆನೆಜುವೆಲಾಕ್ಕೆ ಆಗ ಮತದ ಹಕ್ಕೇ ಇರಲಿಲ್ಲ. ಎರಡು ವರ್ಷದ ವಂತಿಗೆಯಷ್ಟು ಬಾಕಿ ಉಳಿಸಿಕೊಂಡ ದೇಶ ಮಹಾಸಭೆಯಲ್ಲಿ ಮತ ಕಳೆದುಕೊಳ್ಳುತ್ತದೆ ಎಂದು ವಿಶ್ವಸಂಸ್ಥೆಯ ಸನ್ನದಿನ 19ನೇ ವಿಧಿ ಹೇಳುತ್ತದೆ. ನಾನು ರಾಜತಾಂತ್ರಿಕ ನಿಲುವು ಎಂದುಕೊಂಡದ್ದು ಕಟ್ಟದ ಬಿಲ್ಲಿನ ಕಥೆ. ಎರಡು ವರ್ಷದ ತರಗತಿಯಲ್ಲಿ ಕಲಿಯದ್ದನ್ನು ಆ ಒಂದು ಸಾಲು ಕಲಿಸಿತು. ಹಾಗೆ ತಿದ್ದುವವರು ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು, ಸಂಬಳವಿಲ್ಲದ ಕೆಲಸಕ್ಕೂ ಅರ್ಥ ಬರುತ್ತದೆ.

ಮೂರನೆಯದು, ನಿಜವಾದ ಖರ್ಚು. ‘ಸ್ವಯಂಸೇವೆ’ ಎಂದರೆ ನಿಮಗೆ ಉಚಿತ ಎಂದಲ್ಲ, ಅವರಿಗೆ ಉಚಿತ. ಬಾಡಿಗೆ, ಓಡಾಟ, ವಿಮೆ, ಪರದೇಶವಾದರೆ ವೀಸಾ, ಇವೆಲ್ಲದರ ಜೊತೆಗೆ ಆ ಹೊತ್ತಿನಲ್ಲಿ ಬೇರೆಡೆ ದುಡಿಯಬಹುದಾಗಿದ್ದ ದುಡ್ಡನ್ನೂ ಸೇರಿಸಿ. ವಾರಕ್ಕೆ 15 ಗಂಟೆಯಂತೆ 12 ವಾರ ಅಂದರೆ 180 ಗಂಟೆ. ಚೆನ್ನಾಗಿ ತಿದ್ದಿಸಿಕೊಂಡ, ಹೆಸರು ಹೊತ್ತ ಒಂದು ಬ್ರೀಫಿಗೆ 180 ಗಂಟೆ ನ್ಯಾಯವಾದ ಬೆಲೆ ಎನ್ನುವುದು ನನ್ನ ಅಂದಾಜು. ಸುದ್ದಿ ಕತ್ತರಿಸುವುದಕ್ಕೆ ಖಂಡಿತ ಅಲ್ಲ.

ನಾಲ್ಕನೆಯದು ಅರ್ಹತೆ: ವಯಸ್ಸು, ಪೌರತ್ವ, ಪದವಿ ಮುಗಿದು ಎಷ್ಟು ದಿನವಾಯಿತು ಎನ್ನುವುದು. ಕೆಲಸದಲ್ಲಿರುವವರಾದರೆ ಈಗಿನ ಮಾಲೀಕರ ಒಪ್ಪಿಗೆಯೂ. ಐದನೆಯದನ್ನು ಬಹಳ ಜನ ನೋಡುವುದೇ ಇಲ್ಲ, ಸಂಸ್ಥೆಗೆ ದುಡ್ಡು ಎಲ್ಲಿಂದ ಬರುತ್ತದೆ? ಒಂದು ಸರ್ಕಾರವೋ ಒಂದು ಶಸ್ತ್ರಾಸ್ತ್ರ ಕಂಪನಿಯೋ ಪ್ರಮುಖ ದಾನಿಯಾಗಿದ್ದರೆ ಅದು ತಪ್ಪೇನಲ್ಲ, ಆದರೆ ಅವರ ವೆಬ್‌ಸೈಟಿನಲ್ಲಿ ದಾನಿಗಳ ಪಟ್ಟಿಯೇ ಇಲ್ಲದಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ನಿಮ್ಮ ಹೆಸರು ಆ ಬರಹದ ಮೇಲೆ ಉಳಿಯುವಂಥದ್ದು.

ದೊಡ್ಡ ಥಿಂಕ್ ಟ್ಯಾಂಕ್

ನೀತಿಯ ಬಗ್ಗೆ ಸಂಶೋಧನೆ ಮಾಡಿ ವರದಿ ಬರೆಯುವ, ಚಿಂತಕರ ಚಾವಡಿ ಎಂದು ನಾವು ಕರೆಯುವ ಈ ಸಂಸ್ಥೆಗಳಲ್ಲಿ ಹಳೆಯವು ನೂರು ವರ್ಷ ದಾಟಿವೆ. ಅಮೆರಿಕದ ಕಾರ್ನೆಗಿ 1910ರದು, ಬ್ರೂಕಿಂಗ್ಸ್ 1916ರದು, ಲಂಡನ್ನಿನ ಚಾಥಮ್ ಹೌಸ್ 1920ರದು, ನ್ಯೂಯಾರ್ಕಿನ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್ 1921ರದು. ಸ್ಟಾಕ್‌ಹೋಮ್‌ನ ಸಿಪ್ರಿ (1966) ವಯಸ್ಸಿನಲ್ಲಿ ಚಿಕ್ಕದು, ಆದರೆ ಶಸ್ತ್ರಾಸ್ತ್ರ ವ್ಯಾಪಾರದ ಅಂಕಿ ಬೇಕೆಂದರೆ ಎಲ್ಲರೂ ಮೊದಲು ತೆರೆಯುವುದು ಅದರ ಡೇಟಾಬೇಸನ್ನೇ.

ಇಲ್ಲಿ ಸಿಗುವ ದೊಡ್ಡ ಲಾಭ ಎಂದರೆ ಕೋಣೆಯೊಳಗೆ ಕೂರುವ ಅವಕಾಶ. ನಿವೃತ್ತ ರಾಯಭಾರಿ, ಹಾಲಿ ಅಧಿಕಾರಿ, ಪತ್ರಕರ್ತ ಒಂದೇ ಮೇಜಿನ ಸುತ್ತ ಕೂತು ಜಗಳವಾಡುವುದನ್ನು ಕೇಳುವುದೇ ಒಂದು ಶಿಕ್ಷಣ. 1927ರಲ್ಲಿ ರೂಪುಗೊಂಡ ‘ಚಾಥಮ್ ಹೌಸ್ ನಿಯಮ’ ಬಹುಮಟ್ಟಿಗೆ ಎಲ್ಲೆಡೆ ನಡೆಯುತ್ತದೆ: ಅಲ್ಲಿ ಕೇಳಿದ್ದನ್ನು ಬಳಸಿಕೊಳ್ಳಬಹುದು, ಹೇಳಿದವರು ಯಾರು ಎಂಬುದನ್ನು ಬಿಟ್ಟುಕೊಡುವಂತಿಲ್ಲ. ಟಿಪ್ಪಣಿ ಬರೆಯಲು ಕೂರುವ ಇಂಟರ್ನ್ ಮೊದಲ ದಿನವೇ ಕಲಿಯಬೇಕಾದ ಶಿಸ್ತು ಇದು. ಸಭೆಯ ಫೋಟೊ ತೆಗೆದು, ಭಾಷಣಕಾರರನ್ನು ಟ್ಯಾಗ್ ಮಾಡಿ ಹಾಕಿದರೆ ಎರಡನೇ ಸಭೆಗೆ ಕರೆ ಬರುವುದಿಲ್ಲ.

ಆದರೆ ದೂರದ ಬೆಟ್ಟ ನುಣ್ಣಗೆ. ದೊಡ್ಡ ಕಡೆ ಇಂಟರ್ನ್‌ಗೆ ಬೈಲೈನ್ (ಲೇಖಕರಾಗಿ ಹೆಸರು) ಸಿಗುವುದು ಅಪರೂಪ, ಹಿರಿಯ ಸಂಶೋಧಕರ ಅಡಿಟಿಪ್ಪಣಿ ಸರಿಪಡಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಇನ್ನೊಂದು ವಿಷಯ: ದೊಡ್ಡವರಲ್ಲಿ ದುಡ್ಡು ಕೊಡುವ ಕಾರ್ಯಕ್ರಮಗಳೂ ಇವೆ. ಕಾರ್ನೆಗಿಯ ‘ಗೈದರ್ ಜೂನಿಯರ್ ಫೆಲೋ’ ಒಂದು ವರ್ಷದ, ಸಂಬಳವಿರುವ ಹುದ್ದೆ. ಪದವಿಯ ಕೊನೆಯ ವರ್ಷದಲ್ಲಿರುವವರು ಅಥವಾ ಈಗಷ್ಟೇ ಮುಗಿಸಿದವರು ಮಾತ್ರ, ಅದೂ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯ ಹೆಸರು ಸೂಚಿಸಿದರೆ ಮಾತ್ರ. ಐರೋಪ್ಯ ಆಯೋಗದ ‘ಬ್ಲೂ ಬುಕ್’ ತರಬೇತಿ ಐದು ತಿಂಗಳದು, ಮಾರ್ಚ್ ಮತ್ತು ಅಕ್ಟೋಬರಿನಲ್ಲಿ ಶುರುವಾಗುತ್ತದೆ, ಮಾಸಿಕ ಭತ್ಯೆಯಿದೆ, ಐರೋಪ್ಯ ಒಕ್ಕೂಟದ ಹೊರಗಿನವರಿಗೂ ಕೆಲವು ಸ್ಥಾನಗಳಿವೆ. ಹೀಗಾಗಿ ಸಂಬಳವಿಲ್ಲದ ಮೊದಲ ಆಹ್ವಾನಕ್ಕೆ ತಲೆಯಾಡಿಸುವ ಮುನ್ನ ಇಂಥವಕ್ಕೆ ಅರ್ಜಿ ಹಾಕಿ ಕೂರಿ. ಹೋದರೆ ಒಂದು ವಾರದ ಶ್ರಮ.

ವಿಶ್ವಸಂಸ್ಥೆ, ಸರ್ಕಾರ

ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್ ಎರಡರಿಂದ ಆರು ತಿಂಗಳು. ಸಂಬಳವಿಲ್ಲ, ಪ್ರಯಾಣ, ವಸತಿ, ವಿಮೆ ಎಲ್ಲ ನಿಮ್ಮ ತಲೆಯ ಮೇಲೆ. ಪದವಿಯ ಕೊನೆಯ ವರ್ಷದಲ್ಲೋ ಸ್ನಾತಕೋತ್ತರದಲ್ಲೋ ಇರಬೇಕು, ಇಲ್ಲವೇ ಪದವಿ ಮುಗಿದು ಒಂದು ವರ್ಷದೊಳಗೆ ಶುರು ಮಾಡಬೇಕು. ಅಂದರೆ ನಡುವಯಸ್ಸಿನ ವೃತ್ತಿಪರರಿಗೆ ಈ ಬಾಗಿಲು ಮುಚ್ಚಿದಂತೆಯೇ. 2015ರಲ್ಲಿ ನ್ಯೂಜಿಲೆಂಡಿನ 22 ವರ್ಷದ ಹುಡುಗನೊಬ್ಬ ಜಿನೀವಾದಲ್ಲಿ ವಿಶ್ವಸಂಸ್ಥೆಯ ಇಂಟರ್ನ್ ಆಗಿ, ಬಾಡಿಗೆ ಕಟ್ಟಲಾಗದೆ ಟೆಂಟಿನಲ್ಲಿ ಮಲಗುತ್ತಿದ್ದದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗಮನ ಸೆಳೆಯಲೆಂದೇ ಹಾಗೆ ಮಾಡಿದೆ ಎಂದು ಆಮೇಲೆ ಅವನೇ ಹೇಳಿಕೊಂಡ. ಆದರೂ ಜಿನೀವಾದ ಬಾಡಿಗೆಯೇನು ಸುಳ್ಳಲ್ಲ. ಅದೇ ಊರಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಕೊಡುತ್ತಿದೆ. ಒಂದೇ ಕುಟುಂಬದ ಸಂಸ್ಥೆಗಳಲ್ಲೇ ಇಷ್ಟು ಅಂತರ ಇರುವಾಗ, ‘ಯುಎನ್’ ಎಂಬ ಎರಡಕ್ಷರ ನೋಡಿ ಅರ್ಜಿ ಹಾಕದೆ, ಆಯಾ ಸಂಸ್ಥೆಯ ನಿಯಮ ಓದುವುದು ಒಳ್ಳೆಯದು.

ಸರ್ಕಾರಿ ಇಲಾಖೆಗಳಿಗೆ ಪೌರತ್ವದ ಬೇಲಿಯಿದೆ, ಹಲವು ಕಡೆ ವಯಸ್ಸಿನ ಮಿತಿಯೂ ಇದೆ. ಗಾಳಿ ಮಾತ್ರ ನಿಧಾನವಾಗಿ ಸಂಬಳದ ಕಡೆ ಬೀಸುತ್ತಿದೆ. ಅಮೆರಿಕದ ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ದುಡ್ಡು ಕೊಡಲು ಶುರು ಮಾಡಿದ್ದು 2022ರಲ್ಲಿ. ಸರ್ಕಾರಿ ಇಲಾಖೆಯಲ್ಲಿ ಬರೆದದ್ದು ಬಹುಪಾಲು ಕಡತದೊಳಗೇ ಉಳಿಯುತ್ತದೆ, ಹೊರಗೆ ತೋರಿಸುವಂತಿಲ್ಲ. ಹಾಗಾಗಿ ನನ್ನ ಮೊದಲ ಅಳತೆಯಲ್ಲಿ ಇವು ಸೋಲುತ್ತವೆ. ರಾಜತಾಂತ್ರಿಕ ಸೇವೆಗೆ ಸೇರಬೇಕು ಎಂದು ಗಟ್ಟಿಯಾಗಿ ಅಂದುಕೊಂಡವರಿಗೆ ಮಾತ್ರ ಆ ಸೋಲು ಲೆಕ್ಕಕ್ಕಿಲ್ಲ. ಆ ಬದುಕು ಒಳಗಿನಿಂದ ಹೇಗಿರುತ್ತದೆ ಎಂದು ಆರು ತಿಂಗಳಲ್ಲಿ ತಿಳಿದುಬಿಡುತ್ತದೆ, ಅದು ಸಣ್ಣ ಲಾಭವಲ್ಲ.

ಮನೆಯಿಂದಲೇ ಮಾಡುವ ಸ್ವಯಂಸೇವಾ ಸಂಶೋಧನೆ

ಈಚಿನ ವರ್ಷಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುವ ಜಾಹೀರಾತು ಇದೇ: ‘ಪದವೀಧರರು ಮತ್ತು ವೃತ್ತಿಪರರು ಅರ್ಜಿ ಹಾಕಬಹುದು, ಸ್ವಯಂಸೇವೆ, ವಾರಕ್ಕೆ 10ರಿಂದ 15 ಗಂಟೆ, ಆನ್‌ಲೈನ್.’ ನಡೆಸುವವರು ಸಾಮಾನ್ಯವಾಗಿ ಸಣ್ಣ ಸಂಸ್ಥೆಗಳು, ಇಬ್ಬರು ಮೂವರು ಪೂರ್ಣಾವಧಿ ಸಿಬ್ಬಂದಿ, ಉಳಿದದ್ದೆಲ್ಲ ಸ್ವಯಂಸೇವಕರ ಬೆನ್ನ ಮೇಲೆ.

ಖರ್ಚಿನಲ್ಲಿ ಇದನ್ನು ಮೀರಿಸಿದ್ದು ಇಲ್ಲ. ವೀಸಾ ಬೇಡ, ಬಾಡಿಗೆ ಬೇಡ, ಇರುವ ಕೆಲಸ ಬಿಡಬೇಕಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಬಿಟ್ಟಿ ಕೆಲಸ ಮಾಡಿದರೂ ಹಲವು ದೇಶಗಳಲ್ಲಿ ಅದು ನಿಯಮಭಂಗವೇ, ಆ ತಲೆನೋವೂ ಇಲ್ಲಿಲ್ಲ. ಬೈಲೈನ್ ಸಿಗುವ ಸಾಧ್ಯತೆ ದೊಡ್ಡ ಕಡೆಗಿಂತ ಹೆಚ್ಚು, ಯಾಕೆಂದರೆ ಅವರ ತಾಣ ತುಂಬಬೇಕು, ಬರೆಯುವವರು ನೀವೇ. ನನಗೆ ಆ 52ರ ಪಾಠ ಹೇಳಿದ್ದೂ ಇಂಥದೇ ಒಂದು ಸಂಸ್ಥೆ.

ಆದರೆ ಇದೇ ಜಾತಿಯಲ್ಲಿ ಜೊಳ್ಳೂ ಬಹಳ. ಒಂದೇ ಸಲ ಎಂಬತ್ತು ತೊಂಬತ್ತು ಇಂಟರ್ನ್‌ಗಳನ್ನು ತೆಗೆದುಕೊಂಡು, ಎಲ್ಲರಿಂದಲೂ ವಾರಕ್ಕೊಂದು ‘ವಿಶ್ಲೇಷಣೆ’ ಬರೆಸಿ, ಯಾರೂ ಓದದೆ ಪ್ರಕಟಿಸುವವರಿದ್ದಾರೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಪೈಕಿ. ಅಲ್ಲಿ ನಿಮ್ಮ ಹೆಸರೇನೋ ಬರುತ್ತದೆ, ಆದರೆ ತಿದ್ದದ ಬರಹದ ಮೇಲೆ ಬಂದ ಹೆಸರು ಮುಂದೆ ಕಾಟ ಕೊಡುತ್ತದೆ. ಗುರುತಿಸುವುದು ಸುಲಭ. ಅವರ ತಾಣದಲ್ಲಿ ಹಿಂದಿನ ಇಂಟರ್ನ್‌ಗಳ ನಾಲ್ಕು ಲೇಖನ ತೆರೆದು ಓದಿ. ದಿನಾಂಕಗಳು ಸರಿ ಇವೆಯೇ? ಮೂಲ ದಾಖಲೆಗೆ ಕೊಂಡಿ ಇದೆಯೇ, ಇಲ್ಲ ಒಂದು ಪತ್ರಿಕೆಯ ಸುದ್ದಿಗೆ ಇನ್ನೊಂದು ಪತ್ರಿಕೆಯ ಸುದ್ದಿಯೇ ಆಧಾರವೇ? ನಾಲ್ಕೂ ಒಂದೇ ಬಗೆಯಲ್ಲಿ ‘ಕಾದು ನೋಡಬೇಕಿದೆ’ ಎಂದು ಮುಗಿಯುತ್ತವೆಯೇ? ಅರ್ಧ ಗಂಟೆಯಲ್ಲಿ ಬಣ್ಣ ಬಯಲು. ಇನ್ನು ‘ನೋಂದಣಿ ಶುಲ್ಕ’, ‘ತರಬೇತಿ ಶುಲ್ಕ’ ಎಂದು ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಇಂಟರ್ನ್‌ಶಿಪ್ಪೇ ಅಲ್ಲ, ಸರ್ಟಿಫಿಕೇಟ್ ಮಾರಾಟ.

ಸಂಶೋಧನೆ, ಅನುವಾದ, ಸಂಪಾದನೆಯಂಥ ಬಿಡಿ ಕೆಲಸ ಸಾಕು ಎನ್ನುವವರಿಗೆ ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವಾ ವೇದಿಕೆಯಿದೆ. 2000ದಿಂದ ನಡೆಯುತ್ತಿದೆ. 18 ತುಂಬಿದವರು ಯಾರಾದರೂ ಸೇರಬಹುದು, ವಾರಕ್ಕೆ 20 ಗಂಟೆ ಮೀರುವಂತಿಲ್ಲ. ವಯಸ್ಸಾಯಿತು ಎಂದು ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರಿಗೆ ಇದು ತೆರೆದಿರುತ್ತದೆ.

ಪ್ರಾಧ್ಯಾಪಕರ ಕೈಕೆಳಗೆ, ಇಲ್ಲವೇ ಒಬ್ಬರೇ

ಪಿಎಚ್.ಡಿ. ಮಾಡುವ ಯೋಚನೆ ಇರುವವರಿಗೆ ನಾನು ಥಿಂಕ್ ಟ್ಯಾಂಕಿಗಿಂತ ಒಬ್ಬ ಒಳ್ಳೆಯ ಪ್ರಾಧ್ಯಾಪಕರನ್ನೇ ಸೂಚಿಸುತ್ತೇನೆ. ಶಿಫಾರಸು ಪತ್ರ ಗಟ್ಟಿಯಾಗಿರುತ್ತದೆ, ಸಂಶೋಧನಾ ವಿಧಾನ ಮೈಗೂಡುತ್ತದೆ. ವೇಗ ಮಾತ್ರ ಆಮೆಯದು. ನೀವು ಇಂದು ಕೋಡ್ ಮಾಡಿದ ಡೇಟಾ ಜರ್ನಲ್ಲಿನಲ್ಲಿ ಬರಲು ಎರಡು ಮೂರು ವರ್ಷ ಹಿಡಿಯಬಹುದು.

ಯಾವ ಸಂಸ್ಥೆಯೂ ಬೇಡ ಎನ್ನುವುದೂ ಒಂದು ಆಯ್ಕೆಯೇ, ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಕಾದ ಸರಕು ಬಹುಪಾಲು ಬಯಲಲ್ಲೇ ಬಿದ್ದಿದೆ. ಮಹಾಸಭೆಯ ಮತದಾನದ ದಾಖಲೆ, ಆಯಾ ದೇಶ ತನ್ನ ಮತಕ್ಕೆ ಕೊಟ್ಟ ವಿವರಣೆ, ಸಿಪ್ರಿಯಲ್ಲಿ 1950ರಿಂದ ಈಚಿನ ಶಸ್ತ್ರಾಸ್ತ್ರ ವರ್ಗಾವಣೆಯ ಅಂಕಿ, ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ಹೊರತರುತ್ತಿರುವ ರಾಜತಾಂತ್ರಿಕ ಪತ್ರವ್ಯವಹಾರದ ಸಂಪುಟಗಳು, ಎಲ್ಲವೂ ಉಚಿತ. 180 ಗಂಟೆಯನ್ನು ಇಲ್ಲೇ ಸುರಿದು ಎರಡು ಒಳ್ಳೆಯ ಲೇಖನ ಬರೆದು ಯಾವುದಾದರೂ ಸಂಪಾದಕರಿಗೆ ಕಳಿಸಿದರೆ ಆಯಿತು. ಕೊರತೆ ಒಂದೇ, ಅದೇ ಎರಡನೇ ಅಳತೆ: ತಿದ್ದುವವರಿಲ್ಲ. ನನ್ನ 52ನ್ನು ಯಾರೂ ಹಿಡಿಯುತ್ತಿರಲಿಲ್ಲ. ಈಗಾಗಲೇ ಬರೆದು ಪಳಗಿದ ಪತ್ರಕರ್ತರಿಗೆ, ವಕೀಲರಿಗೆ ಈ ದಾರಿ ಸರಿ. ಹೊಸಬರಿಗೆ ನಾನು ಹೇಳುವುದಿಲ್ಲ.

ಕೆಲಸದಲ್ಲಿರುವವರಿಗೆ ಬೇರೆಯೇ ಲೆಕ್ಕ

ಹತ್ತು ವರ್ಷ ಅನುಭವ ಇರುವವರು ಹೊಸ ಪದವೀಧರರ ಸಾಲಿನಲ್ಲಿ ನಿಂತು ಅದೇ ಅರ್ಜಿ ತುಂಬುವುದು ನನಗೆ ಸರಿ ಕಾಣುವುದಿಲ್ಲ. 2022ರ ಅಕ್ಟೋಬರ್ 7ರಂದು ಅಮೆರಿಕ ಚೀನಾಕ್ಕೆ ಸುಧಾರಿತ ಚಿಪ್‌ಗಳನ್ನೂ ಅವನ್ನು ತಯಾರಿಸುವ ಯಂತ್ರಗಳನ್ನೂ ಮಾರುವುದರ ಮೇಲೆ ಹೊಸ ನಿರ್ಬಂಧ ತಂದಿತು. ಆ ನಿಯಮವನ್ನು ಓದಿ ಅರ್ಥ ಮಾಡಿಕೊಳ್ಳಲು ವಿದೇಶಾಂಗ ನೀತಿ ಗೊತ್ತಿದ್ದರೆ ಸಾಲದು, ಚಿಪ್ ಹೇಗೆ ತಯಾರಾಗುತ್ತದೆ ಎಂದು ಗೊತ್ತಿರಬೇಕು. ಫ್ಯಾಬ್‌ನಲ್ಲಿ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ, ಕೆಲಸ ಮಾಡಿದ ಎಂಜಿನಿಯರ್ ಅಲ್ಲಿ ಇಂಟರ್ನ್ ಅಲ್ಲ, ಪಾಠ ಹೇಳುವವರು. ಬ್ಯಾಂಕಿನಲ್ಲಿ ಆರ್ಥಿಕ ದಿಗ್ಬಂಧನಗಳ ಪಾಲನೆ ನೋಡಿಕೊಳ್ಳುವವರ ಮಾತೂ ಅಷ್ಟೇ. ಇಂಥವರು ‘ಇಂಟರ್ನ್ ಆಗಲು ಬಯಸುತ್ತೇನೆ’ ಎಂದು ಬರೆಯುವ ಬದಲು, ‘ಈ ವಿಷಯದ ಮೇಲೆ 1500 ಪದಗಳ ಬ್ರೀಫ್ ಬರೆಯಬಲ್ಲೆ, ನಿಮ್ಮಲ್ಲಿ ಯಾರಾದರೂ ಸಂಪಾದಿಸಿಕೊಡುತ್ತೀರಾ’ ಎಂದು ಒಂದು ಪುಟದ ಟಿಪ್ಪಣಿ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಹುದ್ದೆಯ ಹೆಸರು ‘ನಾನ್ ರೆಸಿಡೆಂಟ್’, ‘ವಿಸಿಟಿಂಗ್’, ‘ಕಾಂಟ್ರಿಬ್ಯೂಟರ್’ ಎಂದು ಏನಾದರೂ ಆಗಬಹುದು. ದುಡ್ಡು ಅಲ್ಲೂ ಇಲ್ಲದಿರಬಹುದು, ಗೌರವ ಇರುತ್ತದೆ.

ಒಪ್ಪಿಕೊಳ್ಳುವ ಮುನ್ನ ನಿಮ್ಮ ನೇಮಕಾತಿ ಪತ್ರ ತೆಗೆದು, ಹೊರಗಿನ ಕೆಲಸದ ಷರತ್ತು ಓದಿ. ಸಂಬಳವಿಲ್ಲ ಅಂದಮಾತ್ರಕ್ಕೆ ಅದು ಅನ್ವಯಿಸುವುದಿಲ್ಲ ಎಂದುಕೊಳ್ಳಬೇಡಿ. ಸರ್ಕಾರಿ ನೌಕರರು, ರಕ್ಷಣಾ ಕಂಪನಿಯವರು, ಸುದ್ದಿಮನೆಯವರು ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಬ್ರೀಫ್ ಪ್ರಕಟವಾದ ಮರುದಿನ ಎಚ್‌ಆರ್‌ನಿಂದ ಕರೆ ಬರುವುದಕ್ಕಿಂತ ಅದು ಮೇಲು.

ಕಾನೂನು, ಚುಟುಕಾಗಿ

ಬ್ರಿಟನ್ನಿನಲ್ಲಿ ಇಂಟರ್ನ್ ಕಾನೂನಿನ ಕಣ್ಣಲ್ಲಿ ‘ಕೆಲಸಗಾರ’ ಎನಿಸಿಕೊಂಡರೆ ಕನಿಷ್ಠ ವೇತನ ಕೊಡಲೇಬೇಕು. ಕೋರ್ಸಿನ ಭಾಗವಾಗಿ ಬಂದ ವಿದ್ಯಾರ್ಥಿಗಳು, ದತ್ತಿ ಸಂಸ್ಥೆಗಳ ಸ್ವಯಂಸೇವಕರು ಅದರ ಹೊರಗೆ. ಅಮೆರಿಕದ ಕಾರ್ಮಿಕ ಇಲಾಖೆ 2018ರಿಂದ ಲಾಭೋದ್ದೇಶದ ಕಂಪನಿಗಳ ಇಂಟರ್ನ್‌ಗಳ ವಿಷಯದಲ್ಲಿ ಕೇಳುವುದು, ಈ ವ್ಯವಸ್ಥೆಯಿಂದ ಮುಖ್ಯ ಲಾಭ ಯಾರಿಗೆ ಎಂದು. ಲಾಭೋದ್ದೇಶವಿಲ್ಲದ ಸಂಸ್ಥೆಗಳಿಗೆ ಸ್ವಯಂಸೇವಕರನ್ನು ಇಟ್ಟುಕೊಳ್ಳಲು ಹೆಚ್ಚು ಸಡಿಲಿಕೆ ಇದೆ, ಥಿಂಕ್ ಟ್ಯಾಂಕುಗಳು ಬಹುಪಾಲು ಈ ಸಾಲಿನವೇ. ಆದ್ದರಿಂದ ಕಾನೂನು ಕಾಯುತ್ತದೆ ಎಂದು ನಂಬಿ ಕೂರುವುದಕ್ಕಿಂತ ‘ಮುಖ್ಯ ಲಾಭ ಯಾರಿಗೆ’ ಎಂಬ ಅದೇ ಪ್ರಶ್ನೆಯನ್ನು ನೀವೇ ಹಾಕಿಕೊಳ್ಳುವುದು ವಾಸಿ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿಲ್ಲದ ಹೊಸ ಪದವೀಧರರೇ, ಬೇರೆ ಊರಿಗೆ ಹೋಗಿ ಸಂಬಳವಿಲ್ಲದೆ ದುಡಿಯಲು ಸಾಲ ಮಾಡಬೇಡಿ, ಸಂಸ್ಥೆ ಎಷ್ಟೇ ದೊಡ್ಡದಿರಲಿ. ಯಾವುದಾದರೂ ಸಂಬಳದ ಕೆಲಸ ಹಿಡಿದು, ಪಕ್ಕದಲ್ಲಿ ಸಣ್ಣ ಸಂಸ್ಥೆಯ ಆನ್‌ಲೈನ್ ಕೆಲಸ ಒಂದನ್ನು ಇಟ್ಟುಕೊಳ್ಳಿ, ಸ್ಟೈಪೆಂಡ್ ಇರುವ ಕಾರ್ಯಕ್ರಮಗಳಿಗೆ ಅರ್ಜಿ ಹಾಕುತ್ತಲೇ ಇರಿ. ಮನೆಯವರು ಆರು ತಿಂಗಳು ನೋಡಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಥಿಂಕ್ ಟ್ಯಾಂಕ್ ನೀವಿರುವ ಊರಲ್ಲೇ ಇದ್ದರೆ, ದೊಡ್ಡದಕ್ಕೇ ಹೋಗಿ. ಆ ಕೋಣೆಯೊಳಗಿನ ಮಾತು ಪರದೆಯ ಮೇಲೆ ಸಿಗುವುದಿಲ್ಲ.

ಎರಡು ಆಹ್ವಾನ ಈಗಲೇ ಕೈಯಲ್ಲಿದ್ದು ತೀರ್ಮಾನ ಆಗುತ್ತಿಲ್ಲವೇ? ಇಬ್ಬರಿಗೂ ಒಂದೇ ಮೇಲ್ ಕಳಿಸಿ. ನನ್ನ ಬರಹವನ್ನು ಯಾರು ತಿದ್ದುತ್ತಾರೆ, ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ. ಕಳೆದ ಬಾರಿಯ ಇಂಟರ್ನ್‌ಗಳು ಬರೆದ ಎರಡು ಬರಹದ ಕೊಂಡಿ ಕೊಡಬಹುದೇ. ನಾನು ಬರೆದದ್ದು ಪ್ರಕಟವಾದರೆ ಹೆಸರು ಯಾರದು. ನಡುವೆ ಸಂಬಳದ ಕೆಲಸ ಸಿಕ್ಕರೆ ಎಷ್ಟು ದಿನ ಮುಂಚೆ ಹೇಳಿ ಬಿಡಬಹುದು. ನಾಲ್ಕೇ ಪ್ರಶ್ನೆ, ಸಭ್ಯವಾಗಿ. ನಾನು ಹಾಗೆ ಕೇಳಿದಾಗ ಒಬ್ಬರು ಅದೇ ದಿನ ಸಂಜೆ ತಿದ್ದುವವರ ಹೆಸರು, ಎರಡು ಕೊಂಡಿ, ‘ಎರಡು ವಾರ ಮುಂಚೆ ಹೇಳಿ’ ಎಂಬ ಸಾಲು ಕಳಿಸಿದ್ದರು. ಇನ್ನೊಬ್ಬರು ಹತ್ತು ದಿನ ಬಿಟ್ಟು, ಸರ್ಟಿಫಿಕೇಟಿನ ಮಾದರಿ ಲಗತ್ತಿಸಿದ್ದರು.